ಅಂಗೈಯಲ್ಲಿ ಹಿಡಿಯುವ ಜೀನು

ಇವತ್ತು ಒಂದು ಜೀನಿನ ಕಥೆ ಹೇಳ್ತೀನಿ. ಕುದುರೆ ಬೆನ್ನಿಗೆ ಬಿಗಿಯುತ್ತಾರಲ್ಲ, ಅದೇ ಜೀನು. ಆದರೆ ಇದು ನಿಮ್ಮ ಅಂಗೈಯಲ್ಲಿ ಹಿಡಿಯುತ್ತೆ. ಅಪ್ಪಟ ಚರ್ಮದ್ದು. ಬಕಲ್ ಬಿಚ್ಚಬಹುದು, ಪಟ್ಟಿ ಬಿಗಿ ಮಾಡಬಹುದು. ಹೊರುವ ಕುದುರೆ ಮಾತ್ರ ಪ್ಲಾಸ್ಟಿಕ್‌ನದು. ಒಂದು ಗೊಂಬೆ ಕುದುರೆಗೆ ಇಷ್ಟೆಲ್ಲ ಯಾಕೆ? ಉತ್ತರಕ್ಕೆ 1950ರ ಅಮೆರಿಕಕ್ಕೆ ಹೋಗಬೇಕು.

ಶಿಕಾಗೋದಲ್ಲಿ ಬ್ರೇಯರ್ ಅನ್ನೋ ಪ್ಲಾಸ್ಟಿಕ್ ಅಚ್ಚಿನ ಕಂಪನಿ ಇತ್ತು. ವುಲ್‌ವರ್ತ್ ಅಂಗಡಿಗಳಲ್ಲಿ ಮಾರುವ ಗಡಿಯಾರವೊಂದಕ್ಕೆ ಅಲಂಕಾರವಾಗಿ ಕುದುರೆ ಮಾಡಿಕೊಡಿ ಅಂತ ಅವರಿಗೆ ಆರ್ಡರ್ ಬಂತು. ಕುದುರೆ ಜನಕ್ಕೆ ಎಷ್ಟು ಹಿಡಿಸಿತು ಅಂದರೆ, ಮುಂದೆ ಆ ಕಂಪನಿಗೆ ಕುದುರೆಗಳೇ ಕಸುಬಾದವು. ಆ ಮೊದಲ ಕುದುರೆಗೂ ಒಂದು ಜೀನು ಇತ್ತು. ಪ್ಲಾಸ್ಟಿಕ್‌ನದು, ಬೆನ್ನಿಗೆ ಸಿಕ್ಕಿಸೋದು. ಲಗಾಮಿನ ಜಾಗದಲ್ಲಿ ಸಣ್ಣ ಸರಪಳಿ.

ಆಡೋ ಮಕ್ಕಳಿಗೆ ಅಷ್ಟು ಸಾಕಿತ್ತು. ಕುದುರೆ ಹುಚ್ಚು ಹಿಡಿದವರಿಗೆ ಸಾಲಲಿಲ್ಲ. ಕುದುರೆ ಸಾಕೋಕೆ ಲಾಯ ಬೇಕು, ಮೇವು ಬೇಕು, ದುಡ್ಡು ಬೇಕು. ಅಮೆರಿಕದಲ್ಲೂ ಎಲ್ಲರಿಗೂ ಅದು ಕೈಗೆಟುಕುವಂಥದ್ದಲ್ಲ. ಹಾಗಾಗಿ ಕುದುರೆ ಇಲ್ಲದ ಎಷ್ಟೋ ಹುಡುಗಿಯರು, ಹೆಂಗಸರು ಈ ಮಾದರಿ ಕುದುರೆಗಳನ್ನೇ ನಿಜವಾದ ಕುದುರೆ ಅಂತ ನೋಡಿಕೊಂಡರು. 1960-70ರ ದಶಕಗಳಲ್ಲಿ ಅವರ ನಡುವೆ ಅಂಚೆಯ ಮೂಲಕವೇ ಸ್ಪರ್ಧೆಗಳು ನಡೆಯುತ್ತಿದ್ದವು. ಕುದುರೆಯ ಫೋಟೋ ತೆಗೆದು ಕಳಿಸಬೇಕು, ತೀರ್ಪುಗಾರರು ಅದನ್ನು ನೋಡಿ ಬಹುಮಾನ ಕೊಡಬೇಕು.

ಇಲ್ಲಿಂದಲೇ ಚರ್ಮದ ಕೆಲಸದ ನಿಜವಾದ ಕಷ್ಟ ಶುರುವಾಗುತ್ತೆ. ಫೋಟೋದಲ್ಲಿ ಪ್ಲಾಸ್ಟಿಕ್ ಮೈ ಕುದುರೆಯ ಮೈ ಹಾಗೇ ಕಾಣಬಹುದು. ಆದರೆ ಅದರ ಮುಖದ ಮೇಲೆ ಒಂದು ದಪ್ಪ ಪಟ್ಟಿ ಕಂಡರೆ ಸಾಕು, ಗುಟ್ಟು ರಟ್ಟಾಯ್ತು.

ನಾನೇ ಲೆಕ್ಕ ಹಾಕಿ ನೋಡಿದೆ. ಬ್ರೇಯರ್‌ನ ದೊಡ್ಡ ಕುದುರೆಗಳು ನಿಜವಾದ ಕುದುರೆಯ ಸುಮಾರು ಒಂಬತ್ತನೇ ಒಂದರಷ್ಟು. ಅಂದರೆ 18 ಮಿಲಿಮೀಟರ್ ಅಗಲದ ಪಟ್ಟಿ ಇಲ್ಲಿ ಬರೀ 2 ಮಿಲಿಮೀಟರ್. 3 ಮಿಲಿಮೀಟರ್ ದಪ್ಪದ ಚರ್ಮ ಮಿಲಿಮೀಟರಿನ ಮೂರನೇ ಒಂದು ಪಾಲಿಗೆ ಇಳಿಯಬೇಕು. ದೊಡ್ಡ ಜೀನಿನಲ್ಲಿ ಇಂಚಿಗೆ 8 ಹೊಲಿಗೆ ಇದ್ದರೆ, ಇಲ್ಲಿ ಇಂಚಿಗೆ 72! ಅದು ಕೈಯಲ್ಲಿ ಆಗುವ ಮಾತಲ್ಲ. ಅದಕ್ಕೇ ಎಷ್ಟೋ ಕಡೆ ಹೊಲಿಗೆಯ ಗುರುತನ್ನಷ್ಟೇ ಚರ್ಮದ ಮೇಲೆ ಒತ್ತಿ ಮೂಡಿಸುತ್ತಾರೆ. ಕುದುರೆಯನ್ನು ಚಿಕ್ಕದಾಗಿ ಎರಕ ಹೊಯ್ಯಬಹುದು, ಆದರೆ ಚರ್ಮ ತಾನಾಗಿ ಚಿಕ್ಕದಾಗಲ್ಲ. ಹರಿತವಾದ ಅಲಗಿನಿಂದ ಅದರ ಒಳಮೈಯನ್ನು ಪದರ ಪದರವಾಗಿ ಹೆರೆಯಬೇಕು. ಸ್ವಲ್ಪ ಜಾಸ್ತಿ ಹೆರೆದರೆ ಹರಿಯುತ್ತೆ. ಇನ್ನೊಂದು ಫಜೀತಿ ಕೇಳಿ: ಬಹುತೇಕ ಮಾದರಿ ಕುದುರೆಗಳ ಬಾಯಿ ಮುಚ್ಚಿರುತ್ತೆ. ಕಡಿವಾಣ ಹಾಕೋದು ಹೇಗೆ? ತುಟಿಯ ಮೂಲೆಗೆ ಒಂದು ಚೂರು ಅಂಟುಮೇಣ ಇಟ್ಟು ಕಡಿವಾಣದ ಬಳೆ ನಿಲ್ಲಿಸುತ್ತಾರೆ.

ಕೈಚಳಕ ಒಂದೇ ಇದ್ದರೂ ಸಾಲದು. ಸ್ಪರ್ಧೆಯಲ್ಲಿ ನೀವು ದನ ಹಿಡಿಯುವ ದೃಶ್ಯ ಕಟ್ಟಿದರೆ, ಜೀನಿನ ಮುಂದೆ ಕೊಂಬು ಇರಲೇಬೇಕು. ಹಗ್ಗ ಎಸೆದ ಮೇಲೆ ದನದ ಎಳೆತವನ್ನು ತಡೆಯೋದು ಆ ಕೊಂಬು. ಅಮೆರಿಕದ ಕೌಬಾಯ್‌ಗಳು ಈ ವಿದ್ಯೆ ಕಲಿತದ್ದು ಮೆಕ್ಸಿಕೋದ ವಕೇರೋ ಅನ್ನೋ ದನಗಾಹಿಗಳಿಂದ. ಲಾಸೋ, ರೋಡಿಯೋ ಅನ್ನೋ ಪದಗಳು ಬಂದಿದ್ದೂ ಅವರ ಸ್ಪ್ಯಾನಿಷ್‌ನಿಂದಲೇ. ನಮ್ಮಲ್ಲೂ ಹಾಗೇ ಅಲ್ವಾ? ಲಗಾಮು, ಜೀನು ಎರಡೂ ಪಾರಸಿಯಿಂದ ಕನ್ನಡಕ್ಕೆ ಬಂದ ಪದಗಳು. ಕುದುರೆ ವಿದ್ಯೆ ಎಲ್ಲಿಂದ ಬರುತ್ತೋ, ಪದವೂ ಅದರ ಜೊತೆಗೇ ಬರುತ್ತೆ.

1859ರಲ್ಲಿ ಅಮೆರಿಕದ ಸೇನೆ ಒಪ್ಪಿಕೊಂಡ ಮೆಕ್‌ಲೆಲನ್ ಜೀನನ್ನೇ ತಗೊಳ್ಳಿ. ಅದರ ಮಧ್ಯೆ ಉದ್ದಕ್ಕೂ ಒಂದು ಸೀಳು ಇದೆ. ಸವಾರನ ಭಾರ ಕುದುರೆಯ ಬೆನ್ನುಮೂಳೆಯ ಮೇಲೆ ನೇರವಾಗಿ ಬೀಳಬಾರದು, ಪಕ್ಕದ ಸ್ನಾಯುಗಳ ಮೇಲೆ ಕೂರಬೇಕು. ಇದನ್ನು ಚಿಕ್ಕದಾಗಿ ಮಾಡುವವರು ಆ ಸೀಳನ್ನು ಬಿಡುವ ಹಾಗಿಲ್ಲ. ಬಿಟ್ಟರೆ ಅದು ಮೆಕ್‌ಲೆಲನ್ನೇ ಅಲ್ಲ.

1990ರಿಂದ ಕೆಂಟಕಿ ರಾಜ್ಯದ ಲೆಕ್ಸಿಂಗ್ಟನ್‌ನಲ್ಲಿ ಬ್ರೇಯರ್‌ಫೆಸ್ಟ್ ಅನ್ನೋ ಜಾತ್ರೆ ನಡೆಯುತ್ತೆ. ಅದು ನಡೆಯೋದು ನಿಜವಾದ ಕುದುರೆಗಳು ಓಡಾಡುವ ಹಾರ್ಸ್ ಪಾರ್ಕ್‌ನಲ್ಲಿ. ಫೋಟೋದಲ್ಲಾದರೆ ಒಂದು ಕೋನ ಚೆನ್ನಾಗಿದ್ದರೆ ಸಾಕು. ಮೇಜಿನ ಮೇಲೆ ಇಟ್ಟ ಕುದುರೆಯನ್ನು ತೀರ್ಪುಗಾರರು ಎಲ್ಲ ಕಡೆಯಿಂದ, ಬಗ್ಗಿ ಬಗ್ಗಿ ನೋಡ್ತಾರೆ.

ಪ್ಲಾಸ್ಟಿಕ್ ಕುದುರೆಗೆ ಹೊಟ್ಟೆಪಟ್ಟಿ ಬಿಗಿಯಾದರೂ ನೋವಾಗಲ್ಲ, ಜೀನು ಉಜ್ಜಿ ಬೆನ್ನು ಹುಣ್ಣಾಗಲ್ಲ. ಆದರೆ ಜೀನು ಎಲ್ಲಿ ಕೂತರೆ ಹುಣ್ಣಾಗುತ್ತೆ ಅನ್ನೋದು ಅದನ್ನು ಮಾಡಿದವಳಿಗೆ ಗೊತ್ತಿರುತ್ತೆ. ಸ್ವಂತ ಕುದುರೆ ಇಲ್ಲದೆಯೂ ಅವಳು ಅದನ್ನು ಕಲಿತಿದ್ದಾಳೆ. ಅಪ್ಪಿತಪ್ಪಿ ನಾನೊಂದು ಕುದುರೆ ಸಾಕಿದರೆ, ಜೀನು ಕಟ್ಟೋಕೆ ಅವಳನ್ನೇ ಕರೀತೀನಿ.