ಕಣದ ಬಿಸಿಲು, ಕಾಫಿಯ ರುಚಿ

ಹೊಸ ತಿಪ್ಪಸಂದ್ರದ ಕಾಫಿಪುಡಿ ಅಂಗಡಿಯಲ್ಲಿ ‘ಪ್ಲಾಂಟೇಶನ್ ಇಷ್ಟು, ಚೆರಿ ಇಷ್ಟು’ ಎಂದು ಕೇಳಿ ಪುಡಿ ಮಾಡಿಸುವವರುಂಟು. ಇವು ತಳಿಯ ಹೆಸರುಗಳಲ್ಲ. ಮಲೆನಾಡು, ಕೊಡಗಿನ ಕಣಗಳಲ್ಲಿ ಹಣ್ಣನ್ನು ಒಣಗಿಸಿದ ಬಗೆಯ ಗುರುತುಗಳು.

17ನೇ ಶತಮಾನದಲ್ಲಿ ಬಾಬಾ ಬುಡನ್ ಯೆಮೆನ್‌ನಿಂದ ಏಳು ಬೀಜ ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬುದು ಪ್ರತೀತಿ. ಹಣ್ಣನ್ನು ಇಡಿಯಾಗಿ ಬಿಸಿಲಿಗೆ ಹರಡುವುದೇ ಹಳೆಯ ಕ್ರಮ. ಎರಡು ವಾರವಾದರೂ ಬೇಕು. ಇದೇ ಚೆರಿ, ಗಡುಸು ರುಚಿ. 19ನೇ ಶತಮಾನದಲ್ಲಿ ಬ್ರಿಟಿಷ್ ತೋಟಗಾರರೊಂದಿಗೆ ಸಿಪ್ಪೆ ಸುಲಿಯುವ ಯಂತ್ರ ಬಂತು. ಲೋಳೆ ತೊಳೆದು ಒಣಗಿಸಿದ ಅರೇಬಿಕಾವೇ ಪ್ಲಾಂಟೇಶನ್. ವಾರ, ಹತ್ತು ದಿನದಲ್ಲಿ ಒಣಗುತ್ತದೆ. ತಿಳಿ ಹುಳಿ, ಹೆಚ್ಚು ಪರಿಮಳ.

ಎರಡರಲ್ಲೂ ತೇವಾಂಶ ಸುಮಾರು ಶೇ 10–11ಕ್ಕೆ ಇಳಿಯಬೇಕು. ಹೆಚ್ಚು ಉಳಿದರೆ ಬೂಷ್ಟು ಹಿಡಿಯುತ್ತದೆ. ಬರಿ ನೆಲದಲ್ಲಿ ಹರಡಿದರೆ ಮಣ್ಣಿನ ವಾಸನೆ. ಅದಕ್ಕೇ ಹಗಲೆಲ್ಲ ಕೈಯಾಡಿಸಿ, ರಾತ್ರಿ ಹೊದಿಸುತ್ತಾರೆ. ಕೊಯ್ಲಿನಲ್ಲಿ ಅಕಾಲಿಕ ಮಳೆ ಸುರಿದರೆ ವರ್ಷದ ದುಡಿಮೆ ಕಣದಲ್ಲೇ ಕೆಡುತ್ತದೆ. ಸಿಮೆಂಟು ಕಣವಿಲ್ಲದ ಸಣ್ಣ ಬೆಳೆಗಾರನಿಗೆ ಪೆಟ್ಟು ಹೆಚ್ಚು.

ತೇವವೇ ರುಚಿಯಾದ ಕಥೆಯೂ ಒಂದುಂಟು. ಹಾಯಿಹಡಗಿನಲ್ಲಿ ತಿಂಗಳುಗಟ್ಟಲೆ ಯುರೋಪಿಗೆ ಸಾಗುತ್ತಿದ್ದಾಗ ಬೀಜ ತೇವ ಹೀರಿ ಉಬ್ಬಿ, ಹೊಂಬಣ್ಣ ತಾಳುತ್ತಿತ್ತು. 1869ರಲ್ಲಿ ಸೂಯೆಜ್ ಕಾಲುವೆ ತೆರೆದು ಪ್ರಯಾಣ ಚಿಕ್ಕದಾಯಿತು. ಆ ರುಚಿ ತಪ್ಪಿತು. ಅದನ್ನು ಮರಳಿ ಪಡೆಯಲು ಒಣ ಬೀಜವನ್ನು ಮಂಗಳೂರಿನ ಗೋದಾಮುಗಳಲ್ಲಿ ಮುಂಗಾರು ಗಾಳಿಗೆ ಒಡ್ಡಿದರು. ‘ಮಾನ್ಸೂನ್ಡ್ ಮಲಬಾರ್’ ಎಂದರೆ ಇದೇ.

ಅಲ್ಲಿ ತೇವಕ್ಕೂ ಲೆಕ್ಕವಿದೆ. ಕಣದ ಮೇಲೆ ಸುರಿವ ಮಳೆಗೆ ಲೆಕ್ಕವಿಲ್ಲ. ಅಂಗಡಿಯಲ್ಲಿ ನಾವು ಸಲೀಸಾಗಿ ಹೇಳುವ ಆ ಎರಡು ಹೆಸರುಗಳ ಹಿಂದೆ, ಆಕಾಶ ನೋಡುತ್ತ ಕಣ ಕಾದವರಿದ್ದಾರೆ.