ಬಾವಿಯಿಂದ ಬಂದರಿಗೆ: ಒಂದು ಸೊಳ್ಳೆಯ ಚರಿತ್ರೆ

ನೀರಿನ ತೊಟ್ಟಿಯ ಮುಚ್ಚಳವನ್ನು ಪರೀಕ್ಷಿಸಲು ನಗರಪಾಲಿಕೆಯ ನೌಕರನು ಮಾಳಿಗೆಯನ್ನೇರುವುದು ಮುಂಬಯಿಯ ಕನ್ನಡಿಗರಿಗೆ ಹೊಸತಲ್ಲ. ಅವನ ಬರವಿಗೆ ಬೇಸರಪಡುವವರೂ ಉಂಟು. ಆದರೆ ಆ ಮುಚ್ಚಳದ ಹಿಂದೆ ಶತಮಾನಕ್ಕೂ ಮೀರಿದ ಚರಿತ್ರೆಯಿದೆ.

1895ರಲ್ಲಿ ಕಾಲರಾ ನಿವಾರಣೆಯ ಕಾರ್ಯಕ್ಕಾಗಿ ಬೆಂಗಳೂರಿಗೆ ಬಂದಿದ್ದ ವೈದ್ಯ ರೊನಾಲ್ಡ್ ರಾಸ್, 1897ರ ಆಗಸ್ಟಿನಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾದ ಜೀವಾಣುವನ್ನು ಕಂಡನು. 1901ರಲ್ಲಿ ಲಿಸ್ಟನ್ ಎಂಬ ವೈದ್ಯನು ಭಾರತದ ಒಂದು ಸೊಳ್ಳೆಯನ್ನು ವರ್ಣಿಸಿ ಅನಾಫಿಲಿಸ್ ಸ್ಟೀಫನ್ಸಿ ಎಂದು ಹೆಸರಿಟ್ಟನು. ಮಲೇರಿಯಾ ಹರಡುವ ಬಹುಪಾಲು ಸೊಳ್ಳೆಗಳಿಗೆ ಹಳ್ಳಿಯ ಕೆರೆ, ಕಾಲುವೆ, ಗದ್ದೆಗಳೇ ಪ್ರಿಯ. ಇದಕ್ಕಾದರೋ ಬಾವಿ, ತೊಟ್ಟಿ, ಪೀಪಾಯಿಗಳ ತಿಳಿನೀರೇ ಸಾಕು. ಅಂದರೆ ಇದು ಪಟ್ಟಣವಾಸಿ.

1911ರಲ್ಲಿ ಮುಂಬಯಿಯ ಮಲೇರಿಯಾವನ್ನು ಕುರಿತು ವರದಿ ಬರೆದ ಬೆಂಟ್ಲಿಯು ನಗರದ ಬಾವಿಗಳತ್ತ ಬೆರಳು ತೋರಿದನು. ಬಾವಿಗಳನ್ನು ಮುಚ್ಚಬೇಕೆಂಬ ಮಾತು ಹೊರಟಾಗ, ಬಾವಿಯ ನೀರಿನಲ್ಲಿ ಪೂಜ್ಯಭಾವನೆಯುಳ್ಳ ಪಾರಸಿಗಳೂ ಹಿಂದೂಗಳೂ ಅಸಮಾಧಾನಗೊಂಡರು. ಜನರ ಮನವೊಲಿಸದೆ ಆರೋಗ್ಯರಕ್ಷಣೆ ಸಾಗದೆಂಬ ಪಾಠವನ್ನು ಮುಂಬಯಿಯು ಅಂದೇ ಕಲಿಯಬೇಕಾಯಿತು.

ಭಾರತ, ಇರಾನ್, ಅರಬಸ್ಥಾನಗಳಲ್ಲಿ ನೆಲಸಿದ್ದ ಈ ಸೊಳ್ಳೆಯು 2012ರಲ್ಲಿ ಆಫ್ರಿಕದ ಜಿಬೂಟಿ ಎಂಬ ಬಂದರು ನಾಡಿನಲ್ಲಿ ಕಾಣಿಸಿಕೊಂಡಿತು. ಹಡಗಿನ ಸರಕಿನೊಡನೆ ಬಂದಿರಬೇಕೆಂದು ತಜ್ಞರ ಊಹೆ. ಆ ವರ್ಷ ಅಲ್ಲಿ ವರದಿಯಾದ ಮಲೇರಿಯಾ ರೋಗಿಗಳು ಕೇವಲ 27; 2020ರಲ್ಲಿ 73,000ಕ್ಕೂ ಹೆಚ್ಚು! 2016ರಲ್ಲಿ ಇಥಿಯೋಪಿಯದಲ್ಲಿಯೂ ಅದು ಪತ್ತೆಯಾಯಿತು. 2022ರಲ್ಲಿ ಅಲ್ಲಿನ ಡಿರೆ ದಾವಾ ನಗರದಲ್ಲಿ ಬೇಸಗೆಯ ಒಣದಿನಗಳಲ್ಲಿಯೇ ಜ್ವರ ಹಬ್ಬಿತು. ಮಳೆಯಿಲ್ಲದಿದ್ದರೇನು, ಮನೆಮನೆಯಲ್ಲಿಯೂ ಶೇಖರಿಸಿಟ್ಟ ನೀರಿತ್ತಲ್ಲ! ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆಯು ಇದರ ತಡೆಗೆ ವಿಶೇಷ ಕಾರ್ಯಕ್ರಮವನ್ನು ಆರಂಭಿಸಿತು.

ಇದಕ್ಕೆ ಪ್ರತಿಯಾಗಿ ಶ್ರೀಲಂಕೆಯ ನಿದರ್ಶನವನ್ನು ನೋಡಬಹುದು. 2016ರ ಸೆಪ್ಟೆಂಬರಿನಲ್ಲಿ ಆ ದೇಶವು ಮಲೇರಿಯಾಮುಕ್ತವೆಂದು ಘೋಷಿತವಾಯಿತು. ಅದೇ ವರ್ಷದ ಕೊನೆಯಲ್ಲಿ ಮನ್ನಾರಿನ ಬಾವಿಗಳಲ್ಲಿ ಈ ಸೊಳ್ಳೆಯ ಮರಿಹುಳುಗಳು ಸಿಕ್ಕವು. ರೋಗ ಹೋಯಿತೆಂದು ಅಲ್ಲಿಯವರು ಕೈಕಟ್ಟಿ ಕುಳಿತಿರಲಿಲ್ಲ. ಬಾವಿಬಾವಿಯನ್ನೂ ಇಣಿಕಿ ನೋಡುತ್ತಿದ್ದರು, ಆದುದರಿಂದಲೇ ಶತ್ರುವು ಬೇಗನೆ ಕಣ್ಣಿಗೆ ಬಿದ್ದನು. ಮರಿಹುಳುಗಳನ್ನು ತಿನ್ನುವ ಮೀನುಗಳನ್ನು ಬಾವಿಗೆ ಬಿಟ್ಟರು. ಹೊರಗಿನಿಂದ ಜ್ವರ ಹೊತ್ತು ಬಂದವರನ್ನು ಹುಡುಕಿ ಚಿಕಿತ್ಸೆ ಮಾಡಿದರು. ಸೊಳ್ಳೆಯು ಉಳಿದುಕೊಂಡರೂ ಮಲೇರಿಯಾ ಮರಳಿ ನೆಲೆಯೂರಲಿಲ್ಲ.

ಊರು ಬಿಟ್ಟು ಊರಿಗೆ ಬಂದವರಾದ ನಮಗೆ ನೀರನ್ನು ತುಂಬಿಡುವ ಅಭ್ಯಾಸ ತಪ್ಪಿದುದಲ್ಲ. ತುಂಬಿಡೋಣ, ಆದರೆ ವಾರಕ್ಕೊಮ್ಮೆ ಪಾತ್ರೆಯನ್ನು ಬರಿದುಮಾಡಿ ತಿಕ್ಕೋಣ, ಮುಚ್ಚಳವನ್ನು ಬಿಗಿಯಾಗಿ ಹಾಕೋಣ. ಮುಂದಿನ ಸಲ ಆ ನೌಕರನು ಬಾಗಿಲು ತಟ್ಟಿದಾಗ ಮಾಳಿಗೆಯ ಬೀಗದ ಕೈಯನ್ನು ನಗುಮುಖದಿಂದಲೇ ಕೊಡೋಣ.