ಕರ್ನಾಟಕದ ವೈದ್ಯಕೀಯ ಶಿಕ್ಷಣದಲ್ಲಿ ಆನ್‌ಲೈನ್ ಕಲಿಕೆ

ವೈದ್ಯಕೀಯ ಪಾಠಗಳನ್ನು ಅಂತರ್ಜಾಲದ ಮೂಲಕ ಹೇಳಿಕೊಡುವ ಪದ್ಧತಿ ಕರ್ನಾಟಕದ ಕಾಲೇಜುಗಳಿಗೆ 2020ರ ಮಾರ್ಚ್‌ನಲ್ಲಿ ಅನಿವಾರ್ಯವಾಗಿ ಬಂತು. ಅದರ ಬಗ್ಗೆ ವಿದ್ಯಾರ್ಥಿಗಳೂ ಅಧ್ಯಾಪಕರೂ ಬಹಳ ವಾದ ಮಾಡಿದ್ದಾರೆ. ಪುಸ್ತಕದಲ್ಲಿರುವುದನ್ನು ಪರದೆಯ ಮೇಲೆ ಕಲಿಯಬಹುದು, ರೋಗಿಯ ಮೈಮೇಲೆ ಕಲಿಯಬೇಕಾದ್ದನ್ನು ಕಲಿಯಲಾಗದು ಎನ್ನುವಲ್ಲಿ ಮಾತ್ರ ಇಬ್ಬರಿಗೂ ತಕರಾರಿಲ್ಲ. ಇವೆರಡರ ನಡುವೆ ಗೆರೆ ಎಲ್ಲಿ ಎಳೆಯಬೇಕು ಎಂಬುದರ ಮೇಲೇ ಜಗಳ.

ಕೋವಿಡ್‌ಗೂ ಮುಂಚಿನ ಕಥೆ ಒಂದಿಷ್ಟಿದೆ. 1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ 2003ರಲ್ಲಿ ಹೆಲಿನೆಟ್ ಎಂಬ ವ್ಯವಸ್ಥೆ ಆರಂಭಿಸಿ, ತನ್ನ ಕಾಲೇಜುಗಳ ಗ್ರಂಥಾಲಯಗಳಿಗೆ ವಿದೇಶಿ ವೈದ್ಯಕೀಯ ಪತ್ರಿಕೆಗಳನ್ನು ಕಂಪ್ಯೂಟರಿನಲ್ಲೇ ಒದಗಿಸಿತು. ಅದೇ ಹೊತ್ತಿಗೆ ಇಸ್ರೋ ಉಪಗ್ರಹದ ನೆರವಿನಿಂದ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೂ ಚಾಮರಾಜನಗರ, ಸರಗೂರಿನ ಆಸ್ಪತ್ರೆಗಳಿಗೂ ಸಂಪರ್ಕ ಏರ್ಪಟ್ಟಿತ್ತು. ಅದು ಚಿಕಿತ್ಸೆಗೆಂದು ಬಂದದ್ದು. ಆದರೆ ದೂರದಲ್ಲಿ ಕುಳಿತ ತಜ್ಞರ ಸಲಹೆ ಕೇಳುವುದೂ ಒಂದು ಬಗೆಯ ಪಾಠವೇ. ನಿಮ್ಹಾನ್ಸ್ ಈ ದಾರಿಯನ್ನು ನೇರವಾಗಿ ಶಿಕ್ಷಣಕ್ಕೆ ತಿರುಗಿಸಿ, 2018ರಲ್ಲಿ ಡಿಜಿಟಲ್ ಅಕಾಡೆಮಿ ತೆರೆದು, ಕೆಲಸ ಬಿಟ್ಟು ಬರಲಾಗದ ವೈದ್ಯರಿಗೆ ಮಾನಸಿಕ ಆರೋಗ್ಯದ ಕೋರ್ಸುಗಳನ್ನು ನಡೆಸತೊಡಗಿತು.

ಹಾಸ್ಟೆಲ್ ಕೋಣೆಗಳಲ್ಲಿ ಇದರ ಜೊತೆಗೆ ಇನ್ನೊಂದು ಬದಲಾವಣೆ ಸದ್ದಿಲ್ಲದೆ ಆಗಿತ್ತು. ನೀಟ್-ಪಿಜಿಗೆ ಓದುವವರು ಮ್ಯಾರೋ, ಪ್ರೆಪ್‌ಲ್ಯಾಡರ್‌ನಂಥ ಆ್ಯಪ್‌ಗಳಿಗೆ ಹಣ ಕಟ್ಟಿ, ಅಲ್ಲಿನ ವಿಡಿಯೊಗಳನ್ನು ಒಂದೂವರೆ ಪಟ್ಟು ವೇಗದಲ್ಲಿ ನೋಡುವುದು ರೂಢಿಯಾಯಿತು. ಕಾಲೇಜಿನ ಲೆಕ್ಚರ್‌ಗೆ ಹಾಜರಾತಿಗಷ್ಟೇ ಹೋಗುವವರ ಸಂಖ್ಯೆ ಕೋವಿಡ್‌ನಿಂದ ಹುಟ್ಟಿದ್ದಲ್ಲ. ಅಧ್ಯಾಪಕರು ಇದನ್ನು ಒಪ್ಪಿಕೊಳ್ಳಲು ಇಂದಿಗೂ ಹಿಂಜರಿಯುತ್ತಾರೆ.

2019ರಲ್ಲಿ ಭಾರತೀಯ ವೈದ್ಯಕೀಯ ಪರಿಷತ್ತು ಸಾಮರ್ಥ್ಯ ಆಧಾರಿತ ಪಠ್ಯಕ್ರಮವನ್ನು ಜಾರಿಗೆ ತಂದಿತು. ಲೆಕ್ಚರ್‌ಗಳು ಒಟ್ಟು ವೇಳೆಯ ಮೂರನೇ ಒಂದು ಭಾಗ ಮೀರಬಾರದು, ಉಳಿದ ಹೊತ್ತು ಗುಂಪು ಚರ್ಚೆ, ಪ್ರಾಯೋಗಿಕ ತರಗತಿ, ವಾರ್ಡಿನ ಕೆಲಸಕ್ಕೆ ಹೋಗಬೇಕು ಎಂಬುದು ಅದರ ತಿರುಳು. ಈ ಪಠ್ಯಕ್ರಮದ ಮೊದಲ ತಂಡ ಆ ವರ್ಷ ಆಗಸ್ಟ್‌ನಲ್ಲಿ ಕಾಲೇಜಿಗೆ ಬಂತು. ಏಳು ತಿಂಗಳು ಕಳೆಯುವಷ್ಟರಲ್ಲಿ ಲಾಕ್‌ಡೌನ್. ಲೆಕ್ಚರ್ ತಗ್ಗಿಸಲೆಂದೇ ಬಂದ ಪಠ್ಯಕ್ರಮದ ಮೊದಲ ಮಕ್ಕಳಿಗೆ ತಿಂಗಳುಗಟ್ಟಲೆ ಲೆಕ್ಚರ್ ಬಿಟ್ಟು ಬೇರೇನೂ ಸಿಗಲಿಲ್ಲ.

ಬೆಂಗಳೂರು ಗ್ರಾಮಾಂತರ ಜಿಲ್ಲೆಯ ವೈದ್ಯಕೀಯ ಕಾಲೇಜುಗಳು, ಅಂದರೆ ಹೊಸಕೋಟೆ ಬಳಿಯ ಎಂವಿಜೆ, ನೆಲಮಂಗಲ ತಾಲ್ಲೂಕು ಟಿ. ಬೇಗೂರಿನ ಸಿದ್ಧಾರ್ಥ, ದೇವನಹಳ್ಳಿ ಪ್ರಸನ್ನಹಳ್ಳಿಯ ಆಕಾಶ್, ಎಲ್ಲವೂ ಖಾಸಗಿ. ರಾಜಧಾನಿಯ ಅಂಚಿನ ಇಂಥ ಕಾಲೇಜುಗಳಿಗೆ ರೋಗಿಗಳು ಸುತ್ತಲಿನ ಹಳ್ಳಿಗಳಿಂದ ಬರುತ್ತಾರೆ, ವಿದ್ಯಾರ್ಥಿಗಳಲ್ಲಿ ಅನೇಕರು ದೂರದ ಜಿಲ್ಲೆಗಳಿಂದಲೂ ಹೊರರಾಜ್ಯಗಳಿಂದಲೂ ಬರುತ್ತಾರೆ. ಹಾಸ್ಟೆಲ್ ಖಾಲಿ ಮಾಡಿಸಿದಾಗ ಆ ನಂಟು ಒಮ್ಮೆಲೇ ಕಡಿಯಿತು. ಮಲೆನಾಡಿನ ಹುಡುಗರು ಸಿಗ್ನಲ್ ಹುಡುಕಿ ಗುಡ್ಡ ಹತ್ತಿದರು. ಒಂದೇ ಸ್ಮಾರ್ಟ್‌ಫೋನ್ ಇದ್ದ ಮನೆಯಲ್ಲಿ ತಮ್ಮನ ಶಾಲೆಯ ಪಾಠಕ್ಕೂ ಅಕ್ಕನ ಫಿಸಿಯಾಲಜಿಗೂ ಪೈಪೋಟಿ ನಡೆಯಿತು. ಇಷ್ಟಾದರೂ ವಿದ್ಯಾರ್ಥಿಗಳು ಹೊಗಳಿದ ಸಂಗತಿಗಳಿದ್ದವು: ಅರ್ಥವಾಗದ್ದನ್ನು ಮತ್ತೆ ಹಾಕಿ ನೋಡಬಹುದು, ನೂರೈವತ್ತು ಮಂದಿಯ ಎದುರು ಎದ್ದು ನಿಲ್ಲಲು ನಾಚುವವರೂ ಚಾಟ್‌ನಲ್ಲಿ ಪ್ರಶ್ನೆ ಕೇಳಬಹುದು.

ಅನಾಟಮಿಯಲ್ಲಿ ಬಿಕ್ಕಟ್ಟು ಎಲ್ಲಕ್ಕಿಂತ ಸ್ಪಷ್ಟವಾಗಿ ಕಂಡಿತು. ಡಿಸೆಕ್ಷನ್ ಹಾಲ್‌ನಲ್ಲಿ ಫಾರ್ಮಲಿನ್ ವಾಸನೆಗೆ ಕಣ್ಣಲ್ಲಿ ನೀರು ಬರುತ್ತಿರುವಾಗಲೇ ಕಂಕುಳಿನ ಕೊಬ್ಬನ್ನು ಫೋರ್ಸೆಪ್ಸ್‌ನಿಂದ ಸ್ವಲ್ಪ ಸ್ವಲ್ಪವಾಗಿ ಬಿಡಿಸುತ್ತಾ ಹೋದರೆ, ಅಪಧಮನಿಯನ್ನು ಸುತ್ತಿಕೊಂಡ ನರಗಳ ಜಾಲ ಹೊರಬರುತ್ತದೆ. ನರ ಗಟ್ಟಿ ಹುರಿಯಂತೆ ಬೆರಳಿಗೆ ಸಿಗುತ್ತದೆ, ಸಿರೆ ಚಪ್ಪಟೆಯಾಗಿ ಜಾರುತ್ತದೆ. ಈ ವ್ಯತ್ಯಾಸ ಚಿತ್ರದಲ್ಲಿ ಹಳದಿ ಮತ್ತು ನೀಲಿ ಬಣ್ಣವಾಗಿಬಿಡುತ್ತದೆ. ಅದೇ ವಿಭಾಗದ ಹಿಸ್ಟಾಲಜಿಗೆ ಮಾತ್ರ ಪರದೆಯಿಂದ ಲಾಭವೇ ಆಯಿತು. ಮಸುಕಾದ ಮೈಕ್ರೋಸ್ಕೋಪಿಗೆ ಸರತಿ ನಿಲ್ಲುವುದಕ್ಕಿಂತ ದೊಡ್ಡದಾಗಿ ತೋರಿಸಿದ ಸ್ಲೈಡ್ ಲೇಸು. ಪೆಥಾಲಜಿ, ರೇಡಿಯಾಲಜಿಗಳಿಗೂ ಈ ಮಾತು ಸಲ್ಲುತ್ತದೆ. ಆನ್‌ಲೈನ್ ಪಾಠ ಒಳ್ಳೆಯದೋ ಕೆಟ್ಟದೋ ಎಂದು ಇಡಿಯಾಗಿ ಕೇಳುವ ಸಮೀಕ್ಷೆಗಳಲ್ಲಿ ಇಂಥ ವಿವರಗಳು ಕಳೆದುಹೋಗುತ್ತವೆ.

ಅಧ್ಯಾಪಕರ ದೂರು ಬೇರೆ ಬಗೆಯದು. ಮೂವತ್ತು ವರ್ಷ ಚಾಕ್ ಹಿಡಿದವರು ಒಂದು ವಾರದಲ್ಲಿ ಝೂಮ್ ಕಲಿಯಬೇಕಾಯಿತು. ಕ್ಯಾಮೆರಾ ಆರಿಸಿ ಕುಳಿತ ವಿದ್ಯಾರ್ಥಿಗಳ ಹೆಸರಿನ ಮೊದಲಕ್ಷರಗಳಿಗೆ ಪಾಠ ಹೇಳುತ್ತಾ, ನಡುನಡುವೆ ‘ಕೇಳಿಸ್ತಾ ಇದೆಯಾ?’ ಎಂದು ವಿಚಾರಿಸುತ್ತಾ ಹೋಗಬೇಕು. ‘ಸರ್, ವಾಯ್ಸ್ ಬ್ರೇಕ್ ಆಗ್ತಿದೆ’ ಎಂದರೆ ಅದನ್ನೇ ಪುಣ್ಯವೆಂದುಕೊಳ್ಳಬೇಕು. ಮುಖ ಕಾಣದಿದ್ದರೆ ಪಾಠದ ವೇಗ ಗೊತ್ತಾಗುವುದಿಲ್ಲ. ಹಗಲು ಕೋವಿಡ್ ವಾರ್ಡಿನ ಸರದಿ ಮುಗಿಸಿ ಬಂದವರಿಗೆ ರಾತ್ರಿ ಸ್ಲೈಡ್ ತಯಾರಿಸುವ ಕೆಲಸ. 2020ರಲ್ಲಿ ವೈದ್ಯಕೀಯ ಪರಿಷತ್ತು ಆನ್‌ಲೈನ್ ಬೋಧನೆ, ಮೌಲ್ಯಮಾಪನಗಳ ಕೈಪಿಡಿ ಹೊರಡಿಸಿತು. ಅಷ್ಟರಲ್ಲಾಗಲೇ ಹೆಚ್ಚಿನವರು ತಮ್ಮ ತಮ್ಮ ದಾರಿ ಕಂಡುಕೊಂಡಿದ್ದರು.

2020ರ ಡಿಸೆಂಬರ್ 1ರಿಂದ ರಾಜ್ಯದ ವೈದ್ಯಕೀಯ ಕಾಲೇಜುಗಳು ಮತ್ತೆ ತೆರೆದವು. ನೀಟ್ ತಡವಾದ್ದರಿಂದ ಆ ವರ್ಷದ ಹೊಸ ತಂಡ ಬಂದದ್ದು 2021ರ ಫೆಬ್ರವರಿಯಲ್ಲಿ, ಎರಡನೇ ಅಲೆ ಎದ್ದದ್ದು ಏಪ್ರಿಲ್‌ನಲ್ಲಿ. ಮೇ 3ರಂದು ಕೇಂದ್ರ ಸರ್ಕಾರ, ಅಂತಿಮ ವರ್ಷದ ಎಂಬಿಬಿಎಸ್ ವಿದ್ಯಾರ್ಥಿಗಳನ್ನು ದೂರವಾಣಿ ಸಲಹೆಗೂ ಲಘು ಲಕ್ಷಣದ ರೋಗಿಗಳ ನಿಗಾಕ್ಕೂ ಬಳಸಿಕೊಳ್ಳಬಹುದೆಂದು ತೀರ್ಮಾನಿಸಿತು. ವರ್ಷವಿಡೀ ಪರದೆಯ ಮೂಲಕ ಪಾಠ ಕೇಳಿದವರು ಈಗ ಫೋನಿನ ಮೂಲಕ ರೋಗಿಯನ್ನು ನೋಡಬೇಕಾಯಿತು.

ಕೇಸ್ ತೆಗೆದುಕೊಳ್ಳುವುದನ್ನು ಕಲಿಯದೇ ಬಂದ ತಂಡಗಳ ಕೊರತೆ ವಾರ್ಡಿನಲ್ಲಿ ಬಯಲಾಯಿತು. ಗುಲ್ಮ ಊದಿದ್ದರೆ, ಉಸಿರು ಎಳೆದುಕೊಳ್ಳುವಾಗ ಅದರ ಅಂಚು ಬೆರಳಿಗೆ ತಾಕುತ್ತದೆ. ಕೈ ಎಷ್ಟು ಒತ್ತಬೇಕು ಎಂಬುದನ್ನು ಪಕ್ಕದಲ್ಲಿ ನಿಂತ ಹಿರಿಯರೇ ತಿದ್ದಬೇಕು. ಮಾತಿನ ತೊಡಕೂ ಇತ್ತು. ‘ಎದೆ ಹಿಡ್ಕೊಂಡಂಗಾಗುತ್ತೆ, ಸಂಕಟ’ ಎನ್ನುವ ಅಜ್ಜಿಯನ್ನು ಮುಂದೇನು ಕೇಳಬೇಕೆಂದು ಹೊರರಾಜ್ಯದ ವಿದ್ಯಾರ್ಥಿ ಓಪಿಡಿಯಲ್ಲಿ ದಿನವೂ ನಿಂತೇ ಕಲಿಯಬೇಕಾದದ್ದು. ನನ್ನ ಎಣಿಕೆಯಲ್ಲಿ, ಡಿಸೆಕ್ಷನ್‌ನ ನಷ್ಟಕ್ಕಿಂತ ಇದು ದೊಡ್ಡದು, ಆದರೆ ಚರ್ಚೆಯಾದದ್ದು ಕಡಿಮೆ.

2022ರ ಫೆಬ್ರವರಿ 24ರಂದು ಉಕ್ರೇನ್ ಯುದ್ಧ ಶುರುವಾದಾಗ ವಾದ ಹೊಸ ರೂಪ ತಾಳಿತು. ಅಲ್ಲಿ ಓದುತ್ತಿದ್ದ ಕನ್ನಡಿಗ ವಿದ್ಯಾರ್ಥಿಗಳು ಊರಿಗೆ ಮರಳಿ, ಮನೆಯಲ್ಲೇ ಕುಳಿತು ಅಲ್ಲಿನ ಪ್ರೊಫೆಸರರ ಆನ್‌ಲೈನ್ ತರಗತಿ ಕೇಳಿದರು. 2020ರ ಸೆಪ್ಟೆಂಬರ್‌ನಲ್ಲಿ ಪರಿಷತ್ತಿನ ಜಾಗಕ್ಕೆ ಬಂದಿದ್ದ ರಾಷ್ಟ್ರೀಯ ವೈದ್ಯಕೀಯ ಆಯೋಗ, ಆನ್‌ಲೈನ್‌ನಲ್ಲಷ್ಟೇ ಪಡೆದ ವೈದ್ಯಕೀಯ ಶಿಕ್ಷಣಕ್ಕೆ ಮಾನ್ಯತೆ ಇಲ್ಲವೆಂಬ ನಿಲುವು ತಳೆದಿತ್ತು. 2022ರ ಜುಲೈನಲ್ಲಿ ಅಂತಿಮ ವರ್ಷದವರಿಗೆ ಒಂದು ಬಾರಿಯ ವಿನಾಯಿತಿ ಸಿಕ್ಕಿತು: ಜೂನ್ 30ರೊಳಗೆ ಪದವಿ ಪಡೆದವರು ಅರ್ಹತಾ ಪರೀಕ್ಷೆ ಬರೆಯಬಹುದು, ಆದರೆ ಒಂದು ವರ್ಷದ ಬದಲು ಎರಡು ವರ್ಷ ಇಂಟರ್ನ್‌ಶಿಪ್ ಮಾಡಬೇಕು. ರೋಗಿಯ ಬಳಿ ಕಳೆಯದ ಹೊತ್ತಿಗೆ ಸರ್ಕಾರಿ ಲೆಕ್ಕದಲ್ಲಿ ಬೆಲೆ ಕಟ್ಟಿದ್ದು ಹೀಗೆ.

ಈಗ ಎಂಬಿಬಿಎಸ್ ತರಗತಿಗಳು ಪೂರ್ತಿ ಕಾಲೇಜಿಗೆ ಮರಳಿವೆ. ಥಿಯರಿಗೆ ಶೇ. 75, ಪ್ರಾಕ್ಟಿಕಲ್‌ಗೆ ಶೇ. 80 ಹಾಜರಾತಿ ಬೇಕು. ಕುಟುಂಬ ದತ್ತು ಕಾರ್ಯಕ್ರಮದಡಿ ಮೊದಲ ವರ್ಷದಿಂದಲೇ ವಿದ್ಯಾರ್ಥಿಗಳು ಹಳ್ಳಿಯ ಮನೆಗಳಿಗೆ ಹೋಗಬೇಕು. ಆನ್‌ಲೈನ್ ಅಧಿಕೃತವಾಗಿ ಗಟ್ಟಿಯಾಗಿ ಉಳಿದದ್ದು ಸಂಶೋಧನಾ ವಿಧಾನದ ಕೋರ್ಸಿನಲ್ಲಿ. ಚೆನ್ನೈನ ರಾಷ್ಟ್ರೀಯ ಸಾಂಕ್ರಾಮಿಕ ರೋಗಶಾಸ್ತ್ರ ಸಂಸ್ಥೆ ನಡೆಸುವ ಆ ಕೋರ್ಸನ್ನು ಸ್ನಾತಕೋತ್ತರ ವಿದ್ಯಾರ್ಥಿಯೂ, ಬಡ್ತಿ ಬೇಕಾದ ಅಧ್ಯಾಪಕರೂ ಒಂದೇ ವಿಡಿಯೊ ನೋಡಿ ಮುಗಿಸುತ್ತಾರೆ.